ಖಾಲಿತ್ಯಕ್ಕೆ ಮದ್ದು: ಒಂದು ಮಂದಗತಿಯ ಸಂಶೋಧನೆಯ ಇತಿಹಾಸ

೧

ಕಳೆದ ವರ್ಷ ವೈದ್ಯಶಾಸ್ತ್ರದ ಇತಿಹಾಸವನ್ನು ಬೋಧಿಸುತ್ತಿದ್ದ ತರಗತಿಯೊಂದರಲ್ಲಿ ಸಿಡುಬಿನ ನಿರ್ಮೂಲನದ ವಿಷಯ ಬಂದಿತ್ತು. ಶತಮಾನಗಳ ಕಾಲ ಮಾನವಕುಲವನ್ನು ಕಾಡಿದ ಆ ಮಾರಿ ಭೂಮಿಯಿಂದಲೇ ತೊಲಗಿತೆಂದು ೧೯೮೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ ಸಂಗತಿಯನ್ನು ಹೇಳಿ ಪಾಠವನ್ನು ಮುಗಿಸಿದೆನು. ಎಲ್ಲರೂ ಹೊರಟ ಮೇಲೆ ಒಬ್ಬ ವಿದ್ಯಾರ್ಥಿ ಹಿಂದೆ ಉಳಿದು ಸಂಕೋಚದಿಂದ ಹೀಗೆ ಕೇಳಿದನು: “ಸಿಡುಬನ್ನು ಗೆದ್ದವರಿಗೆ ಕೂದಲು ಉದುರುವುದನ್ನು ನಿಲ್ಲಿಸುವುದಕ್ಕೆ ಏಕೆ ಆಗಲಿಲ್ಲ, ಸರ್?” ಅವನಿಗೆ ಇಪ್ಪತ್ತೊಂದು ವರ್ಷ. ಹಣೆಯ ಎರಡು ಬದಿಗಳಲ್ಲಿಯೂ ಕೂದಲು ಆಗಲೇ ಹಿಂದೆ ಸರಿದಿತ್ತು. ಪರೀಕ್ಷೆಯ ಶುಲ್ಕಕ್ಕೆಂದು ಮನೆಯವರು ಕಳುಹಿಸಿದ ಹಣ ಎಣ್ಣೆಯ ಸೀಸೆಗಳಿಗೆ ವ್ಯಯವಾಗಿತ್ತೆಂಬುದು ಅನಂತರ ತಿಳಿಯಿತು.

ಈ ಪ್ರಶ್ನೆಯನ್ನು ನಕ್ಕು ಕಳೆಯುವುದು ಸುಲಭ. ಬೋಳುತಲೆ ನಮ್ಮ ಹಾಸ್ಯಕ್ಕೆ ಬಹುಕಾಲದಿಂದ ವಸ್ತುವಾಗಿದೆ. ಆದರೆ ಹಾಸ್ಯ ಮಾಡುವವನಿಗೂ ಹಾಸ್ಯಕ್ಕೆ ಗುರಿಯಾಗುವವನಿಗೂ ಅದು ಒಂದೇ ಬಗೆಯಾಗಿ ಕೇಳಿಸುವುದಿಲ್ಲ. ಆ ವಯಸ್ಸಿನಲ್ಲಿ ಆ ಪ್ರಶ್ನೆಯನ್ನು ಕನ್ನಡಿಯ ಮುಂದೆ ನಿಂತು ಕೇಳಿಕೊಂಡವರಲ್ಲಿ ಪ್ರಸ್ತುತ ಲೇಖಕನೂ ಒಬ್ಬನು. ಆದುದರಿಂದ ಇತಿಹಾಸದ ಅಧ್ಯಾಪಕನಿಗೆ ಶಕ್ಯವಾದ ರೀತಿಯಲ್ಲಿ, ಎಂದರೆ ಕಾಲಕ್ರಮವನ್ನು ಬಿಡಿಸಿಟ್ಟು, ಉತ್ತರವನ್ನು ಹುಡುಕುವ ಪ್ರಯತ್ನವನ್ನು ಇಲ್ಲಿ ಮಾಡಲಾಗಿದೆ.

ಮೊದಲು ಒಂದು ಭೇದವನ್ನು ಗಮನಿಸಬೇಕು. ಕೂದಲು ಉದುರುವುದು ಒಂದೇ ರೋಗವಲ್ಲ. ವಂಶಾನುಗತವಾಗಿ ಬಂದು, ಹಣೆಯ ಮೂಲೆಗಳಲ್ಲಿ ಮತ್ತು ನೆತ್ತಿಯಲ್ಲಿ ಮೆಲ್ಲಮೆಲ್ಲನೆ ಕೂದಲನ್ನು ತೆಳುಮಾಡುವ ಸಾಧಾರಣ ಖಾಲಿತ್ಯ ಒಂದು ಬಗೆ. ಸ್ತ್ರೀಯರಲ್ಲಿಯೂ ಇದು ಬೈತಲೆಯ ಸುತ್ತ ಕೂದಲು ವಿರಳವಾಗುವ ರೂಪದಲ್ಲಿ ಕಾಣುವುದುಂಟು. ಹುಳು ತಿಂದಂತೆ ದುಂಡು ದುಂಡಾಗಿ ಕೂದಲು ಇದ್ದಕ್ಕಿದ್ದಂತೆ ಉದುರಿಹೋಗುವುದು ಇನ್ನೊಂದು ಬಗೆ. ಪಾಶ್ಚಾತ್ಯ ವೈದ್ಯರು ಇದನ್ನು ಅಲೊಪೀಸಿಯಾ ಏರಿಯೇಟಾ ಎನ್ನುತ್ತಾರೆ. ಈ ಲೇಖನದ ಮುಖ್ಯ ವಿಷಯ ಮೊದಲನೆಯದು. ಎರಡನೆಯದು ಕೊನೆಯಲ್ಲಿ ಹೋಲಿಕೆಗಾಗಿ ಬರುತ್ತದೆ.

೨

ಈ ಚಿಕಿತ್ಸೆಯ ಹುಡುಕಾಟ ಲಿಖಿತ ವೈದ್ಯಶಾಸ್ತ್ರದಷ್ಟೇ ಹಳೆಯದು. ಕ್ರಿ.ಪೂ. ೧೫೫೦ರ ಸುಮಾರಿನದೆಂದು ವಿದ್ವಾಂಸರು ನಿರ್ಣಯಿಸಿರುವ ಈಜಿಪ್ಟಿನ ಈಬರ್ಸ್ ಪಪೈರಸ್ ಎಂಬ ವೈದ್ಯಗ್ರಂಥದಲ್ಲಿ ಸಿಂಹ, ನೀರಾನೆ, ಮೊಸಳೆ, ಹಾವು ಮೊದಲಾದ ಪ್ರಾಣಿಗಳ ಕೊಬ್ಬನ್ನು ಬೆರೆಸಿ ತಲೆಗೆ ಹಚ್ಚುವ ವಿಧಿಯಿದೆ. ರೋಮಿನ ಜೂಲಿಯಸ್ ಸೀಸರನು ತನ್ನ ಬೋಳುತಲೆಗಾಗಿ ನೊಂದುಕೊಂಡು ಕೂದಲನ್ನು ಹಿಂದಿನಿಂದ ಮುಂದಕ್ಕೆ ಬಾಚುತ್ತಿದ್ದನೆಂದೂ, ಸೆನೆಟ್ ಸಭೆ ದಯಪಾಲಿಸಿದ ಗೌರವಗಳಲ್ಲಿ ಸದಾ ಪತ್ರಕಿರೀಟವನ್ನು ಧರಿಸಬಹುದೆಂಬ ಹಕ್ಕು ಅವನಿಗೆ ಅತ್ಯಂತ ಪ್ರಿಯವಾಗಿತ್ತೆಂದೂ ಸ್ವೆಟೋನಿಯಸನು ಬರೆದಿದ್ದಾನೆ. ರಾಜ್ಯಗಳನ್ನು ಗೆದ್ದವನಿಗೂ ಇಲ್ಲಿ ಎಲೆಯ ಮರೆಯೇ ಗತಿಯಾಯಿತು.

ನಮ್ಮ ಆಯುರ್ವೇದಾಚಾರ್ಯರು ಈ ವಿಷಯವನ್ನು ಸಾಕಷ್ಟು ಸೂಕ್ಷ್ಮವಾಗಿ ವಿಚಾರಿಸಿದ್ದರು. ಸುಶ್ರುತಸಂಹಿತೆಯು ಇಂದ್ರಲುಪ್ತ, ಖಾಲಿತ್ಯ ಎಂಬ ಹೆಸರುಗಳಲ್ಲಿ ಇದನ್ನು ಕ್ಷುದ್ರರೋಗಗಳ ವರ್ಗದಲ್ಲಿ ಇಟ್ಟಿದೆ. ವಾತದೊಡನೆ ಕೂಡಿದ ಪಿತ್ತವು ರೋಮಕೂಪವನ್ನು ಸೇರಿ ಕೂದಲನ್ನು ಉದುರಿಸುತ್ತದೆ. ಬಳಿಕ ರಕ್ತದೊಡನೆ ಕೂಡಿದ ಕಫವು ಆ ಕೂಪವನ್ನು ಮುಚ್ಚಿ ಹೊಸ ಕೂದಲು ಹುಟ್ಟದಂತೆ ಮಾಡುತ್ತದೆ ಎಂಬುದು ಅಲ್ಲಿಯ ವಿವರಣೆ. ತ್ರಿದೋಷ ಸಿದ್ಧಾಂತವನ್ನು ಇಂದಿನ ಜೀವಶಾಸ್ತ್ರಕ್ಕೆ ಸಮೀಕರಿಸುವುದು ಉಚಿತವಲ್ಲ. ಆದರೆ ಉದುರುವುದು ಒಂದು ಘಟನೆ, ಮತ್ತೆ ಹುಟ್ಟದಿರುವುದು ಇನ್ನೊಂದು ಘಟನೆ ಎಂಬ ವಿವೇಚನೆ ಇಲ್ಲಿದೆ. ಗರುಗದ ಸೊಪ್ಪಿನಿಂದ ಕಾಯಿಸಿದ ಭೃಂಗರಾಜ ತೈಲವು ನಮ್ಮ ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದು ಈ ಪರಂಪರೆಯ ಫಲ.

ಆದಾಗ್ಯೂ ಪ್ರಾಚೀನರ ಮಾತುಗಳಲ್ಲಿ ಮುಂದಿನ ವಿಜ್ಞಾನಕ್ಕೆ ನೇರವಾಗಿ ತಾಗುವುದು ಗ್ರೀಕರ ಒಂದು ಅವಲೋಕನ. ವೃಷಣಹರಣ ಮಾಡಿಸಿಕೊಂಡವರಿಗೆ ತಲೆ ಬೋಳಾಗುವುದಿಲ್ಲವೆಂದು ಹಿಪೊಕ್ರೆಟಿಸನ ಹೆಸರಿನಲ್ಲಿರುವ ಸೂತ್ರಗಳಲ್ಲಿ ಹೇಳಿದೆ. ಅರಿಸ್ಟಾಟಲನೂ ಇದನ್ನೇ ಹೇಳಿದ್ದಾನೆ. ಕಾರಣದ ಸುಳಿವು ಕೈಗೆ ಸಿಕ್ಕಿತ್ತು. ಆದರೆ ಅದನ್ನು ಹಿಡಿದು ಮುಂದೆ ಸಾಗುವ ಸಾಧನವಿಲ್ಲದೆ ಆ ಸುಳಿವು ಎರಡು ಸಾವಿರಕ್ಕೂ ಹೆಚ್ಚು ವರ್ಷ ಹಾಗೆಯೇ ಬಿದ್ದಿತ್ತು.

೩

ಆ ಸುಳಿವನ್ನು ಶಾಸ್ತ್ರೀಯವಾಗಿ ಕೈಗೆತ್ತಿಕೊಂಡವನು ಅಮೆರಿಕದ ಅಂಗರಚನಾ ಶಾಸ್ತ್ರಜ್ಞ ಜೇಮ್ಸ್ ಹ್ಯಾಮಿಲ್ಟನ್. ೧೯೪೨ರಲ್ಲಿ ಆತನು ಪ್ರಕಟಿಸಿದ ಪ್ರಬಂಧ ಈ ಇತಿಹಾಸದ ತಿರುವು. ವೃಷಣಗಳನ್ನು ಕಳೆದುಕೊಂಡ ಅಥವಾ ಅವು ಬೆಳೆಯದೆ ಉಳಿದ ೧೦೪ ಮಂದಿ ಗಂಡಸರನ್ನು ಆತನು ಪರಿಶೀಲಿಸಿದನು. ಪ್ರಾಯಕ್ಕೆ ಬರುವ ಮೊದಲೇ ಆ ಸ್ಥಿತಿಗೆ ಬಂದವರಲ್ಲಿ ಖಾಲಿತ್ಯ ಕಾಣಲಿಲ್ಲ. ಅಂಥವರಿಗೆ ಟೆಸ್ಟೊಸ್ಟಿರೋನ್ ಎಂಬ ಪುರುಷ ಹಾರ್ಮೋನನ್ನು ಕೊಟ್ಟಾಗ, ವಂಶದಲ್ಲಿ ಬೋಳುತಲೆಯಿದ್ದವರ ಕೂದಲು ಉದುರತೊಡಗಿತು. ಕೊಡುವುದನ್ನು ನಿಲ್ಲಿಸಿದಾಗ ಉದುರುವುದು ಮುಂದುವರಿಯಲಿಲ್ಲ. ಆದರೆ ಹೋದ ಕೂದಲು ಹಿಂದಿರುಗಲೂ ಇಲ್ಲ. ಹಾರ್ಮೋನು, ವಂಶ, ವಯಸ್ಸು ಈ ಮೂರೂ ಕೂಡಿದಾಗಲೇ ಖಾಲಿತ್ಯ ಉಂಟಾಗುತ್ತದೆಂಬುದು ಇದರಿಂದ ಸ್ಥಿರಪಟ್ಟಿತು.

ಇಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಕಾರಣವು ೧೯೪೨ರಲ್ಲಿಯೇ ತಿಳಿದಿದ್ದರೆ, ಆ ಕಾರಣವನ್ನು ತಡೆಯುವ ಗುಳಿಗೆ ೧೯೯೭ರವರೆಗೆ, ಎಂದರೆ ೫೫ ವರ್ಷ, ಏಕೆ ಬರಲಿಲ್ಲ? ಉತ್ತರವಿಷ್ಟೇ: ತಿಳಿದಿದ್ದ ಒಂದೇ ಉಪಾಯವು ರೋಗಕ್ಕಿಂತ ಘೋರವಾಗಿತ್ತು. ಪುರುಷತ್ವವನ್ನು ಕೊಟ್ಟು ಕೂದಲನ್ನು ಪಡೆಯುವ ವಿನಿಮಯಕ್ಕೆ ಯಾರೂ ಸಿದ್ಧರಿರಲಿಲ್ಲ. ಕಾರಣವನ್ನು ಅರಿಯುವುದು ಒಂದು ಕೆಲಸ, ಉಳಿದ ದೇಹಕ್ಕೆ ಕೇಡಾಗದಂತೆ ಅದನ್ನು ತಡೆಯುವುದು ಬೇರೊಂದು ಕೆಲಸ. ಇವೆರಡರ ನಡುವಣ ದೂರವೇ ಈ ಇತಿಹಾಸದ ಬಹುಭಾಗವನ್ನು ಆಕ್ರಮಿಸಿದೆ.

೪

ಆ ದೂರವನ್ನು ಕ್ರಮಿಸಿದ ಎರಡು ಔಷಧಗಳೂ ರಾಜಮಾರ್ಗದಿಂದ ಬರಲಿಲ್ಲವೆಂಬುದು ಗಮನಾರ್ಹ.

ಮೊದಲನೆಯದು ಮಿನಾಕ್ಸಿಡಿಲ್. ಅಮೆರಿಕದ ಅಪ್‌ಜಾನ್ ಕಂಪೆನಿ ಇದನ್ನು ಸಿದ್ಧಪಡಿಸಿದ್ದು ರಕ್ತದೊತ್ತಡವನ್ನು ಇಳಿಸುವುದಕ್ಕಾಗಿ. ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕುವುದೆಂದು ನಮ್ಮಲ್ಲಿ ಹೇಳುವುದುಂಟು. ಇಲ್ಲಿ ಬೋಳುತಲೆಗೆ ಗಂಟು ಬಿದ್ದುದು ರಕ್ತನಾಳದೊಡನೆ. ಗುಳಿಗೆಯನ್ನು ಸೇವಿಸಿದ ರೋಗಿಗಳ ಹಣೆ, ಕೆನ್ನೆ, ತೋಳುಗಳಲ್ಲಿ ಬೇಡವಾದ ಕೂದಲು ಬೆಳೆಯತೊಡಗಿತು. ಎಲ್ಲರೂ ಉಪದ್ರವವೆಂದು ಬಗೆದ ಇದರಲ್ಲಿ ಗ್ಯುಂಟರ್ ಕಾನ್, ಪಾಲ್ ಗ್ರ್ಯಾಂಟ್ ಎಂಬ ವೈದ್ಯರು ಉಪಯೋಗವನ್ನು ಕಂಡು, ಅದನ್ನು ದ್ರವವಾಗಿಸಿ ಚರ್ಮದ ಮೇಲೆ ಹಚ್ಚಿ ನೋಡಿದರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ರಕ್ತದೊತ್ತಡದ ಗುಳಿಗೆಯಾಗಿ ಇದನ್ನು ೧೯೭೯ರಲ್ಲಿಯೂ, ತಲೆಗೆ ಹಚ್ಚುವ ಔಷಧವಾಗಿ ೧೯೮೮ರಲ್ಲಿಯೂ, ಸ್ತ್ರೀಯರ ಬಳಕೆಗೆ ೧೯೯೧ರಲ್ಲಿಯೂ ಮನ್ನಿಸಿತು. ಇದು ಹಾರ್ಮೋನನ್ನು ಮುಟ್ಟುವುದಿಲ್ಲ. ಕೂದಲಿನ ಬೆಳವಣಿಗೆಯ ಅವಧಿಯನ್ನು ಹಿಗ್ಗಿಸುತ್ತದೆ. ಅದನ್ನು ಹೇಗೆ ಹಿಗ್ಗಿಸುತ್ತದೆಂಬುದು ಮಾತ್ರ ವಿಜ್ಞಾನಿಗಳಿಗೆ ಇನ್ನೂ ಪೂರ್ಣವಾಗಿ ವಿಶದವಾಗಿಲ್ಲ. ಹಚ್ಚುವುದನ್ನು ನಿಲ್ಲಿಸಿದರೆ ಕೆಲವು ತಿಂಗಳುಗಳಲ್ಲಿ ಗಳಿಸಿದುದೆಲ್ಲ ಹೋಗುತ್ತದೆ.

ಎರಡನೆಯದು ಫಿನಾಸ್ಟರೈಡ್. ಇದರ ಮೂಲ ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದ ಒಂದು ಹಳ್ಳಿಯಲ್ಲಿದೆ. ಅಲ್ಲಿಯ ಕೆಲವು ಕುಟುಂಬಗಳಲ್ಲಿ ಹೆಣ್ಣುಮಕ್ಕಳೆಂದು ಬೆಳೆಸಿದ ಮಕ್ಕಳು ಪ್ರಾಯಕ್ಕೆ ಬಂದಾಗ ಗಂಡಸರಾಗುತ್ತಿದ್ದರು. ಜೂಲಿಯಾನ್ ಇಂಪೆರಾಟೊ–ಮೆಕ್‌ಗಿನ್ಲಿ ಎಂಬ ವೈದ್ಯೆಯೂ ಆಕೆಯ ಸಂಗಡಿಗರೂ ಇದರ ಕಾರಣವನ್ನು ೧೯೭೪ರಲ್ಲಿ ಪ್ರಕಟಿಸಿದರು. ಟೆಸ್ಟೊಸ್ಟಿರೋನನ್ನು ಡೈಹೈಡ್ರೊಟೆಸ್ಟೊಸ್ಟಿರೋನ್ ಎಂಬ ಇನ್ನೂ ಪ್ರಬಲವಾದ ಹಾರ್ಮೋನನ್ನಾಗಿ ಮಾರ್ಪಡಿಸುವ ಕಿಣ್ವವೊಂದು ಅವರಲ್ಲಿ ಹುಟ್ಟಿನಿಂದಲೇ ಕುಂದಿತ್ತು. ಅವರು ಬೆಳೆದು ಪುರುಷರಾದರೂ ಅವರ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗಿಯೇ ಉಳಿಯಿತು, ತಲೆ ಬೋಳಾಗಲಿಲ್ಲ. ಹ್ಯಾಮಿಲ್ಟನ್ನನಿಗೆ ಸಿಗದಿದ್ದ ಕೊಂಡಿ ಇದೇ. ಪುರುಷತ್ವವನ್ನು ಉಳಿಸಿಕೊಂಡೇ ಖಾಲಿತ್ಯವನ್ನು ತಡೆಯುವುದು ಶಕ್ಯವೆಂದು ಪ್ರಕೃತಿಯೇ ತೋರಿಸಿತು. ಮೆರ್ಕ್ ಕಂಪೆನಿಯು ಆ ಕಿಣ್ವವನ್ನು ತಡೆಯುವ ಔಷಧವನ್ನು ನಿರ್ಮಿಸಿತು. ಆದರೆ ಮೊದಲು ನಿರ್ಮಿಸಿದ್ದು ವೃದ್ಧರ ಪ್ರಾಸ್ಟೇಟ್ ತೊಂದರೆಗೆ. ಅದಕ್ಕೆ ೧೯೯೨ರಲ್ಲಿಯೂ, ಖಾಲಿತ್ಯಕ್ಕಾಗಿ ಅದರ ಐದನೆಯ ಒಂದಂಶದ ಪ್ರಮಾಣಕ್ಕೆ ೧೯೯೭ರಲ್ಲಿಯೂ ಮಂಜೂರಾತಿ ದೊರೆಯಿತು. ೧,೫೫೩ ಗಂಡಸರ ಮೇಲೆ ನಡೆದ ಪರೀಕ್ಷೆಗಳಲ್ಲಿ, ಎರಡು ವರ್ಷಗಳ ಕೊನೆಗೆ, ಔಷಧವನ್ನು ಸೇವಿಸಿದವರ ಪೈಕಿ ನೂರಕ್ಕೆ ೮೩ ಮಂದಿಯ ಕೂದಲಿನ ಎಣಿಕೆ ಇಳಿಯದೆ ನಿಂತಿತು. ಹುಸಿಮದ್ದನ್ನು ಸೇವಿಸಿದವರಲ್ಲಿ ಈ ಪ್ರಮಾಣ ನೂರಕ್ಕೆ ೨೮ ಮಾತ್ರ. ಕೆಲವರಲ್ಲಿ ಲೈಂಗಿಕ ಶಕ್ತಿಗೆ ಕುಂದು ತರುವ ದೋಷ ಇದಕ್ಕುಂಟು. ಗರ್ಭಿಣಿಯರಿಗೆ ಇದು ನಿಷಿದ್ಧ. ಆದುದರಿಂದ ವೈದ್ಯರ ಸಲಹೆಯಿಲ್ಲದೆ ಬಳಸತಕ್ಕದ್ದಲ್ಲ.

ಶಸ್ತ್ರಚಿಕಿತ್ಸೆಯ ಕಥೆ ಬೇರೆ ಬಗೆಯದು. ಜಪಾನಿನ ಷೋಜಿ ಒಕುಡಾ ಎಂಬ ವೈದ್ಯನು ಕೂದಲಿರುವ ಚರ್ಮದ ಸಣ್ಣ ಬಿಲ್ಲೆಗಳನ್ನು ತೆಗೆದು ಬೇರೆಡೆ ನೆಡುವ ವಿಧಾನವನ್ನು ೧೯೩೯ರಲ್ಲಿಯೇ ಪ್ರಕಟಿಸಿದ್ದನು. ಯುದ್ಧ ಬಂದಿತು, ಜಪಾನಿ ಭಾಷೆಯ ಆ ಬರಹ ಪಶ್ಚಿಮದವರ ಕಣ್ಣಿಗೆ ಬೀಳಲಿಲ್ಲ. ನ್ಯೂಯಾರ್ಕಿನ ನಾರ್ಮನ್ ಒರೆಂಟ್ರಿಚ್ ೧೯೫೦ರ ದಶಕದಲ್ಲಿ ಆ ದಾರಿಯನ್ನು ತಾನಾಗಿಯೇ ಮತ್ತೆ ತುಳಿದು ೧೯೫೯ರಲ್ಲಿ ಫಲವನ್ನು ಪ್ರಕಟಿಸಿದನು. ತಲೆಯ ಹಿಂಬದಿಯ ಕೂದಲನ್ನು ನೆತ್ತಿಗೆ ತಂದು ನೆಟ್ಟರೂ ಅದು ತನ್ನ ಮೂಲಗುಣವನ್ನು ಬಿಡದೆ ಬೆಳೆಯುತ್ತದೆಂಬುದು ಅವನ ಶೋಧ. ಎಂದರೆ ದೋಷವಿರುವುದು ನೆತ್ತಿಯ ನೆಲದಲ್ಲಲ್ಲ, ಪ್ರತಿಯೊಂದು ಕೇಶಮೂಲದ ಒಳಗೆ. ಇಂದಿನ ಕೇಶನಾಟಿಯೆಲ್ಲ ನಿಂತಿರುವುದು ಈ ತತ್ತ್ವದ ಮೇಲೆ. ಆದರೆ ನಾಟಿಯಿಂದ ಹೊಸ ಕೂದಲು ಸೃಷ್ಟಿಯಾಗುವುದಿಲ್ಲ. ಒಂದು ಗದ್ದೆಯ ಪೈರನ್ನು ಕಿತ್ತು ಇನ್ನೊಂದು ಗದ್ದೆಗೆ ಹಾಕಿದಂತೆ, ಇದ್ದುದು ಹಂಚಿಕೆಯಾಗುತ್ತದೆ.

೫

೧೯೯೭ರ ಬಳಿಕ ಕಾಲು ಶತಮಾನ ಕಳೆದರೂ ಸಾಧಾರಣ ಖಾಲಿತ್ಯಕ್ಕೆ ಅಮೆರಿಕದ ಆಡಳಿತವು ಮತ್ತೊಂದು ಹೊಸ ಔಷಧವನ್ನು ಮನ್ನಿಸಲಿಲ್ಲ. ಫಿನಾಸ್ಟರೈಡಿನ ಜಾತಿಗೇ ಸೇರಿದ ಡ್ಯುಟಾಸ್ಟರೈಡನ್ನು ದಕ್ಷಿಣ ಕೊರಿಯ ೨೦೦೯ರಲ್ಲಿಯೂ ಜಪಾನು ೨೦೧೫ರಲ್ಲಿಯೂ ಒಪ್ಪಿಕೊಂಡವು, ಅಷ್ಟೇ. ಇನ್ನು ಐದು ವರ್ಷದಲ್ಲಿ ಪರಿಹಾರ ಬರುತ್ತದೆ ಎಂಬ ಮಾತು ಪ್ರತಿ ಐದು ವರ್ಷಕ್ಕೊಮ್ಮೆ ಕೇಳಿಬರುತ್ತದೆಂದು ಕಾದು ಬೇಸತ್ತವರು ಹಾಸ್ಯ ಮಾಡುವುದುಂಟು. ಈ ಬೇಸರ ನ್ಯಾಯವಾದುದೇ. ಔಷಧದ ಕಂಪೆನಿಗಳು ಗುಟ್ಟಾಗಿ ಮದ್ದನ್ನು ಅಡಗಿಸಿಟ್ಟಿವೆಯೆಂದು ಇದರಿಂದ ಊಹಿಸುವುದು ಮಾತ್ರ ನ್ಯಾಯವಲ್ಲ. ಮಂದಗತಿಗೆ ಕಣ್ಣಿಗೆ ಕಾಣುವ ಕಾರಣಗಳೇ ಸಾಕಷ್ಟಿವೆ.

ಒಂದನೆಯದು ಕೂದಲಿನ ಕಾಲಮಾನ. ತಲೆಯ ಪ್ರತಿಯೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆಯುತ್ತದೆ. ಬಳಿಕ ಕೆಲವು ವಾರ ಕುಗ್ಗುತ್ತದೆ. ಸುಮಾರು ಮೂರು ತಿಂಗಳು ವಿಶ್ರಮಿಸಿ ಉದುರುತ್ತದೆ. ಅದೇ ಕೂಪದಲ್ಲಿ ಇನ್ನೊಂದು ಹುಟ್ಟುತ್ತದೆ. ಖಾಲಿತ್ಯದಲ್ಲಿ ಪ್ರತಿ ಆವರ್ತಕ್ಕೂ ಬೆಳವಣಿಗೆಯ ಅವಧಿ ಕಿರಿದಾಗುತ್ತ, ಕೇಶಮೂಲವು ಕುಬ್ಜವಾಗುತ್ತ ಹೋಗುತ್ತದೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುವ ವಸ್ತುವಿನ ಮೇಲೆ ಔಷಧದ ಗುಣವನ್ನು ಕಾಣಬೇಕಾದರೆ ಆರು ತಿಂಗಳಿಂದ ಒಂದು ವರ್ಷ ಕಾಯಬೇಕು. ಜ್ವರದ ಮದ್ದಿನಂತೆ ಮೂರು ದಿನಗಳಲ್ಲಿ ಇಲ್ಲಿ ತೀರ್ಪು ದೊರೆಯುವುದಿಲ್ಲ.

ಎರಡನೆಯದು ಪ್ರಯೋಗಪ್ರಾಣಿಯ ಸಮಸ್ಯೆ. ಪ್ರಯೋಗಶಾಲೆಯ ಇಲಿಗೆ ಈ ರೋಗ ಬರುವುದಿಲ್ಲ. ಅದರ ರೋಮಗಳ ಆವರ್ತವೂ ನಮ್ಮದಕ್ಕಿಂತ ಭಿನ್ನ. ಮೋಟುಬಾಲದ ಒಂದು ಜಾತಿಯ ಕೋತಿಗೆ ಮನುಷ್ಯನಂತೆಯೇ ಹಣೆ ಬೋಳಾಗುತ್ತದೆ. ಆದರೆ ಇಲಿಗಳನ್ನು ಸಾಕಿದಂತೆ ಕೋತಿಗಳನ್ನು ನೂರುಗಟ್ಟಲೆ ಸಾಕಿ ಪರೀಕ್ಷಿಸಲಾಗದು. ಇಲಿಯ ಬೆನ್ನಿನಲ್ಲಿ ಕೂದಲು ಬೆಳೆಯಿತೆಂಬ ವಾರ್ತೆಗೂ ಮನುಷ್ಯನ ನೆತ್ತಿಗೂ ನಡುವೆ ಬಹುದೂರವಿರುವುದು ಇದರಿಂದಲೇ.

ಮೂರನೆಯದು ಕೇಶಮೂಲದ ಒಳರಚನೆ. ಕೂದಲಿನ ಬುಡದಲ್ಲಿ ಡರ್ಮಲ್ ಪ್ಯಾಪಿಲ್ಲ ಎಂಬ ಜೀವಕೋಶಗಳ ಸಣ್ಣ ಗುಂಪಿದೆ. ಕೂದಲು ಹುಟ್ಟಬೇಕೆಂಬ ಆಜ್ಞೆ ಹೊರಡುವುದು ಅಲ್ಲಿಂದ. ಈ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಇಲಿಯ ಮೀಸೆಯ ಕೂಪಗಳಲ್ಲಿ ಇಟ್ಟಾಗ ಕೂದಲು ಹುಟ್ಟಿತೆಂದು ಬ್ರಿಟನ್ನಿನ ಕಾಲಿನ್ ಜಹೋಡಾ ಮತ್ತು ಸಂಗಡಿಗರು ೧೯೮೪ರಲ್ಲಿ ತೋರಿಸಿದರು. ಕೆಲವೇ ಕೂದಲುಗಳಿಂದ ಸಾವಿರಾರು ಕೂದಲನ್ನು ಬೆಳೆಯಬಹುದೆಂಬ ಆಸೆ ಅಂದು ಚಿಗುರಿತು. ಆದರೆ ಮನುಷ್ಯನ ಈ ಕೋಶಗಳು ತಟ್ಟೆಯ ಮೇಲೆ ಹರಡಿಕೊಂಡು ಬೆಳೆಯುವಾಗ ತಮ್ಮ ಆಜ್ಞಾಶಕ್ತಿಯನ್ನು ಕಳೆದುಕೊಳ್ಳುತ್ತವೆ. ಅವನ್ನು ತೊಟ್ಟಿನಲ್ಲಿ ತೂಗಿಬಿಟ್ಟು ಉಂಡೆಗಟ್ಟುವಂತೆ ಮಾಡಿದರೆ ಆ ಶಕ್ತಿ ಸ್ವಲ್ಪಮಟ್ಟಿಗೆ ಮರಳುತ್ತದೆಂದು ಜಹೋಡಾ ಹಾಗೂ ಅಮೆರಿಕದ ಏಂಜೆಲಾ ಕ್ರಿಶ್ಚಿಯಾನೊ ಅವರ ತಂಡ ೨೦೧೩ರಲ್ಲಿ ವರದಿ ಮಾಡಿತು. ಏಳು ಮಂದಿ ದಾನಿಗಳ ಕೋಶಗಳಲ್ಲಿ ಐವರವು ಫಲಕೊಟ್ಟವು. ಅದೂ ಇಲಿಯ ಮೈಮೇಲೆ ಕಸಿಮಾಡಿದ ಮನುಷ್ಯಚರ್ಮದಲ್ಲಿ. ಈ ಒಂದು ಹೆಜ್ಜೆಗೆ ೨೯ ವರ್ಷ ಹಿಡಿಯಿತು.

ನಾಲ್ಕನೆಯದು ಸುರಕ್ಷತೆಯ ಕಟ್ಟುಪಾಡು. ಪ್ರಾಣಾಂತಿಕ ರೋಗಕ್ಕೆ ಕೊಡುವ ಔಷಧದಲ್ಲಿ ಕೆಲವು ದೋಷಗಳನ್ನು ಸಹಿಸಬಹುದು. ಆರೋಗ್ಯವಂತನಾದ ತರುಣನು ಜೀವಮಾನವೆಲ್ಲ ಬಳಸಬೇಕಾದ ಔಷಧದಲ್ಲಿ ಅವನ್ನು ಸಹಿಸಲಾಗದು.

ಇವೆಲ್ಲದರ ಜೊತೆಗೆ ಭರವಸೆಯ ದಾರಿ ಕುರುಡಾಗಿ ಕೊನೆಗೊಳ್ಳುವುದೂ ಉಂಟು. ಬೋಳಾದ ನೆತ್ತಿಯಲ್ಲಿ ಪ್ರಾಸ್ಟಗ್ಲ್ಯಾಂಡಿನ್ ಡಿ೨ ಎಂಬ ದ್ರವ್ಯ ಹೆಚ್ಚಾಗಿರುವುದೆಂದೂ ಅದು ಕೂದಲಿನ ಬೆಳವಣಿಗೆಯನ್ನು ತಡೆಯುವುದೆಂದೂ ಜಾರ್ಜ್ ಕಾಟ್ಸರೆಲಿಸನ ತಂಡ ೨೦೧೨ರಲ್ಲಿ ಪ್ರಕಟಿಸಿದಾಗ ಲೋಕವೆಲ್ಲ ಕಿವಿನಿಮಿರಿಸಿತು. ಆ ದ್ರವ್ಯದ ಕ್ರಿಯೆಯನ್ನು ತಡೆಯುವ ಸೆಟಿಪಿಪ್ರಾಂಟ್ ಎಂಬ ಔಷಧವನ್ನು ಪರೀಕ್ಷಿಸಿದರು. ಹುಸಿಮದ್ದಿಗಿಂತ ಅದರಿಂದ ಹೆಚ್ಚಿನ ಫಲವಿಲ್ಲವೆಂಬ ವರದಿ ೨೦೨೧ರಲ್ಲಿ ಪ್ರಕಟವಾಯಿತು. ಒಂಬತ್ತು ವರ್ಷಗಳ ಕೊನೆಗೆ ದೊರೆತುದು ಇಲ್ಲವೆಂಬ ಉತ್ತರ. ಆದರೆ ಇಲ್ಲವೆಂಬುದನ್ನು ಪ್ರಾಮಾಣಿಕವಾಗಿ ಪ್ರಕಟಿಸಿದ್ದೂ ವಿಜ್ಞಾನದ ಕೆಲಸವೇ.

೬

ಈಗ ಆರಂಭದಲ್ಲಿ ಹೇಳಿದ ಎರಡನೆಯ ಬಗೆಯ ಕಡೆಗೆ ತಿರುಗೋಣ. ಅಲೊಪೀಸಿಯಾ ಏರಿಯೇಟಾದಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ಕೇಶಮೂಲಗಳ ಮೇಲೆ ದಾಳಿ ಮಾಡುತ್ತದೆ. ಸ್ವತಃ ಈ ರೋಗಕ್ಕೆ ತುತ್ತಾಗಿದ್ದ ಕ್ರಿಶ್ಚಿಯಾನೊ ಮತ್ತು ಆಕೆಯ ಸಂಗಡಿಗರು ಇದರ ಹಿಂದಿರುವ ವಂಶವಾಹಿಗಳ ಸುಳಿವನ್ನು ೨೦೧೦ರಲ್ಲಿ ಪ್ರಕಟಿಸಿದರು. ದಾಳಿಗೆ ಆಜ್ಞೆ ಸಾಗುವ ಮಾರ್ಗ ಯಾವುದೆಂಬುದು ೨೦೧೪ರಲ್ಲಿ ತಿಳಿಯಿತು. ಆ ಮಾರ್ಗವನ್ನು ತಡೆಯುವ ಔಷಧಗಳು ಸಂಧಿವಾತಕ್ಕಾಗಿ ಆಗಲೇ ಸಿದ್ಧವಾಗುತ್ತಿದ್ದವು. ಅವುಗಳಲ್ಲಿ ಒಂದಾದ ಬ್ಯಾರಿಸಿಟಿನಿಬ್ ೨೦೨೨ರಲ್ಲಿ ಈ ರೋಗದ ತೀವ್ರರೂಪಕ್ಕೆ ಮಂಜೂರಾಯಿತು. ಅದರ ಹೆಚ್ಚಿನ ಪ್ರಮಾಣವನ್ನು ಸೇವಿಸಿದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ ೩೬ ವಾರಗಳಲ್ಲಿ ತಲೆಯ ನೂರಕ್ಕೆ ಎಂಬತ್ತರಷ್ಟು ಭಾಗ ಕೂದಲಿನಿಂದ ಮುಚ್ಚಿತು. ಸುಳಿವಿನಿಂದ ಔಷಧಕ್ಕೆ ಹನ್ನೆರಡು ವರ್ಷ. ಒಂದೇ ತಲೆ, ಒಂದೇ ಕೂದಲು, ಅದೇ ಕಾಲದ ವಿಜ್ಞಾನಿಗಳು. ಆದರೂ ಒಂದು ಕಡೆ ವೇಗ, ಇನ್ನೊಂದು ಕಡೆ ಮಂದಗತಿ. ಒಂದರಲ್ಲಿ ಕೇಶಮೂಲ ನಾಶವಾಗದೆ ಬರಿಯ ದಾಳಿಗೆ ಸಿಕ್ಕಿರುತ್ತದೆ, ದಾಳಿ ನಿಂತರೆ ತಾನೇ ಚೇತರಿಸುತ್ತದೆ. ಇನ್ನೊಂದರಲ್ಲಿ ಕೇಶಮೂಲವೇ ವರ್ಷಾನುವರ್ಷ ಕುಗ್ಗಿರುತ್ತದೆ. ಕಾರಣವನ್ನು ತಡೆದರೂ ಹಿಂದಿನ ಸ್ಥಿತಿ ಬಾರದು. ಹ್ಯಾಮಿಲ್ಟನ್ನನು ೧೯೪೨ರಲ್ಲಿ ಕಂಡದ್ದೂ ಇದನ್ನೇ.

೭

ಮದ್ದಿಲ್ಲದೆಡೆ ಮಾರಾಟ ನಿಲ್ಲುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಸದರ್ಲ್ಯಾಂಡ್ ಮನೆತನದ ಏಳು ಮಂದಿ ಸಹೋದರಿಯರು ತಮ್ಮ ನೀಳವಾದ ಕೂದಲನ್ನು ಸಭೆಗಳಲ್ಲಿ ಪ್ರದರ್ಶಿಸಿ ಕೇಶವರ್ಧಕದ ಸೀಸೆಗಳನ್ನು ಮಾರಿ ಐಶ್ವರ್ಯವಂತರಾದರು. ಅಂಗಡಿಗಳಲ್ಲಿ ನೇರವಾಗಿ ಮಾರುತ್ತಿದ್ದ ಕೇಶವರ್ಧಕಗಳಿಗೆ ಗುಣವಿದೆಯೆಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಆಡಳಿತವು ವಿಧಿಮಾಡಿದ್ದು ೧೯೮೯ರಲ್ಲಿ. ನಮ್ಮ ದೇಶದ ಔಷಧ ನಿಯಮಗಳಲ್ಲಿಯೂ ‘ಜೆ’ ಎಂಬ ಅನುಸೂಚಿಯೊಂದಿದೆ. ವಾಸಿಮಾಡುವೆವೆಂದು ಯಾವ ಔಷಧವೂ ಹೇಳಿಕೊಳ್ಳಬಾರದಾದ ರೋಗಗಳ ಆ ಪಟ್ಟಿಯಲ್ಲಿ ಬೋಳುತಲೆಯೂ ಸೇರಿದೆ. ಈ ಸಂಗತಿ ಎಷ್ಟು ವಿದ್ಯಾರ್ಥಿಗಳಿಗೆ ತಿಳಿದಿದೆ? ಜಾಹೀರಾತು ಮಾತ್ರ ಎಲ್ಲರಿಗೂ ತಿಳಿದಿದೆ. ಸಂಶೋಧನೆಯ ನಿಧಾನದಿಂದ ಹುಟ್ಟಿದ ಅಸಹನೆಯೇ ಇಂಥ ವ್ಯಾಪಾರಕ್ಕೆ ಬಂಡವಾಳವಾಗಿದೆ.

ನನ್ನ ವಿದ್ಯಾರ್ಥಿಗೆ ಈ ವಿವರಗಳನ್ನೆಲ್ಲ ಎರಡು ಮೂರು ಸಂಜೆಗಳಲ್ಲಿ ಹೇಳಿದೆನು. ಸಿಡುಬಿಗೂ ಖಾಲಿತ್ಯಕ್ಕೂ ಇರುವ ವ್ಯತ್ಯಾಸ ಅವನಿಗೆ ತಾನಾಗಿಯೇ ಹೊಳೆಯಿತು: ಸಿಡುಬು ಹೊರಗಿನಿಂದ ಬಂದ ಶತ್ರು; ಇದು ದೇಹ ತನ್ನ ಕ್ರಮದಲ್ಲಿಯೇ ನಡೆಸುವ ವ್ಯಾಪಾರ. ಇಂದು ಪರೀಕ್ಷೆಗೆ ನಿಂತ ಔಷಧಗಳು ಎರಡೇ ಇವೆಯೆಂದೂ, ಅವು ಇರುವುದನ್ನು ಉಳಿಸುವಷ್ಟು ಹೋದುದನ್ನು ತರಲಾರವೆಂದೂ, ಬೇಕೆನಿಸಿದರೆ ಚರ್ಮರೋಗದ ತಜ್ಞರನ್ನು ಬೇಗನೆ ಕಾಣುವುದು ಲೇಸೆಂದೂ, ಬೇಡವೆನಿಸಿದರೆ ಹಾಗೆಯೇ ಇರುವುದರಲ್ಲಿ ಯಾವ ಅವಮಾನವೂ ಇಲ್ಲವೆಂದೂ ಹೇಳಿದೆನು. “ಹಾಗಾದರೆ ಕಾಯಬೇಕು ಅನ್ನಿ, ಸರ್,” ಎಂದನು. ಕಾಯುವಾಗ ಸೀಸೆಗಳನ್ನು ಕೊಳ್ಳಬೇಕಾಗಿಲ್ಲ ಎಂದೆನು. ಪರೀಕ್ಷೆಯ ಶುಲ್ಕವನ್ನು ಕಟ್ಟುವ ಕೊನೆಯ ದಿನ ಇನ್ನೂ ದಾಟಿರಲಿಲ್ಲ; ಅದನ್ನು ಕಟ್ಟಿದನು.